ಒತ್ತಕ್ಷರ ತುಂಡಾದ ಮೇಲೆ ಸಿಎಸ್‌ಎಸ್ ಅರ್ಥವಾಯಿತು: ವೆಬ್ ಕಲಿಯುತ್ತಿರುವವರು ಬನ್ನಿ, ಮಾತಾಡೋಣ

ಬೇಲೂರುಬಸ್ (ಹಾಸನ) | ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಬಿಸಿಎ ಕೊನೇ ವರ್ಷ. ದಿನಾ ಬೇಲೂರಿನಿಂದ ಬಸ್ಸು. ಸೀಟು ಸಿಕ್ಕರೆ ಓದು, ಸಿಗದಿದ್ದರೆ ಕಂಬಿ ಹಿಡಿದುಕೊಂಡು ನಿದ್ದೆ. ವೆಬ್ ಡಿಸೈನ್ ಕಲಿಯೋಕೆ ಶುರು ಮಾಡಿ ಒಂದೂವರೆ ವರ್ಷ ಆಯಿತು. ಅದರಲ್ಲಿ ಮೊದಲ ಒಂದು ವರ್ಷ ನಾನು ಏನೂ ಕಲಿತಿರಲಿಲ್ಲ ಅಂತ ಈಗ ಅನ್ನಿಸುತ್ತಿದೆ. ಯಾಕೆ ಅಂತ ಬರೆಯುತ್ತೇನೆ. ಸ್ವಲ್ಪ ಉದ್ದ ಇದೆ.

ಮೊದಲು ಒಂದು ಇನ್‌ಸ್ಟಿಟ್ಯೂಟ್ ಸೇರಿದೆ. ಹೆಸರು ಬೇಡ. "ಮೂರೇ ತಿಂಗಳಲ್ಲಿ ಫುಲ್ ಸ್ಟ್ಯಾಕ್" ಅಂತ ಬೋರ್ಡು. ಸರ್ ಪ್ರೊಜೆಕ್ಟರ್‌ನಲ್ಲಿ ಕೋಡ್ ತೋರಿಸುತ್ತಿದ್ದರು, ನಾವು ನೋಡಿಕೊಂಡು ಟೈಪ್ ಮಾಡುತ್ತಿದ್ದೆವು. ಒಂದು ಪಿಜ್ಜಾ ಅಂಗಡಿ, ಒಂದು ಕ್ಯಾಲ್ಕುಲೇಟರ್, ಮಾಡಬೇಕಾದ ಕೆಲಸಗಳ ಒಂದು ಪಟ್ಟಿ. ಎಲ್ಲ ಓಡುತ್ತಿತ್ತು. ಯಾಕೆ ಓಡುತ್ತೆ ಅಂತ ಯಾರಾದರೂ ಕೇಳಿದ್ದರೆ ಬೆಬ್ಬೆಬ್ಬೆ ಅನ್ನುತ್ತಿದ್ದೆ. ಸರ್ಟಿಫಿಕೇಟ್ ಕೊಟ್ಟರು. ಅಮ್ಮ ಅದಕ್ಕೆ ಲ್ಯಾಮಿನೇಷನ್ ಮಾಡಿಸಿದರು.

ನಮ್ಮ ಚಿಕ್ಕಮ್ಮ ಚಿಕ್ಕಮಗಳೂರಿನಲ್ಲಿ ಒಂದು ಸಣ್ಣ ಕಾಫಿ ವರ್ಕ್ಸ್ ನಡೆಸುತ್ತಾರೆ. ಬೀಜ ಹುರಿದು, ಪುಡಿ ಮಾಡಿ, ಕಣ್ಣೆದುರೇ ಚಿಕೋರಿ ಬೆರೆಸಿ ಕೊಡುವ ಅಂಗಡಿ. ಯುಗಾದಿ ಹಬ್ಬಕ್ಕೆ ಹೋದಾಗ, "ನಿನಗೆ ವೆಬ್‌ಸೈಟ್ ಮಾಡೋಕೆ ಬರುತ್ತಲ್ಲ, ನಮ್ಮದೊಂದು ಮಾಡಿಕೊಡೇ. ಕನ್ನಡದಲ್ಲಿರಲಿ" ಅಂದರು. ಆ "ಕನ್ನಡದಲ್ಲಿರಲಿ" ನನ್ನನ್ನು ಮೂರು ತಿಂಗಳು ಕುಣಿಸಿತು.

ಮೊದಲನೇ ಏಟು ರೇಟು ಪಟ್ಟಿಯದು. ಅಂಗಡಿಯ ಫ್ಲೆಕ್ಸ್ ಮಾಡಿದ್ದ ಡಿಟಿಪಿಯವರಿಂದ ಫೈಲ್ ತಂದೆ. ಅವರು ಹೇಳಿದ ಫಾಂಟ್ ಹಾಕಿಕೊಂಡೆ, ವರ್ಡ್‌ನಲ್ಲಿ ಚೆನ್ನಾಗಿ ಕನ್ನಡ ಕಂಡಿತು. ಪ್ಲಾಂಟೇಷನ್ ಎ, ಪೀಬೆರಿ, ರೋಬಸ್ಟಾ ಚೆರಿ, ಎಲ್ಲ ಸಾಲಾಗಿ. ಕಾಪಿ ಮಾಡಿ ನನ್ನ ಪುಟಕ್ಕೆ ಹಾಕಿದೆ. ಇಂಗ್ಲಿಷ್ ಅಕ್ಷರ, ಪೌಂಡಿನ ಗುರುತು, ತಲೆ ಮೇಲೆ ಎರಡು ಚುಕ್ಕಿ ಹೊತ್ತ ಎಂಥದೋ ಅಕ್ಷರ. ತಾಯತದೊಳಗಿನ ಚೀಟಿ ಬಿಚ್ಚಿದ ಹಾಗಿತ್ತು. ಕೊನೆಗೆ ಪೂರ್ತಿ ಪಟ್ಟಿಯನ್ನು ಕೈಯಲ್ಲೇ ಮತ್ತೆ ಟೈಪ್ ಮಾಡಿದೆ.

ಎರಡನೆಯದೇ ಅಸಲಿ ಕಥೆ. ಪುಟದ ತಲೆಬರಹ "ಶುದ್ಧ ಕಾಫಿ ಪುಡಿ". ಬ್ರೌಸರ್‌ನಲ್ಲಿ ನೋಡಿದರೆ "ಶುದ ಕಾಫಿ ಪುಡಿ". ದ ಕೆಳಗಿನ ಧ ಒತ್ತನ್ನು ಈಳಿಗೆಮಣೆಯಲ್ಲಿ ಹೆಚ್ಚಿದ ಹಾಗೆ ಯಾರೋ ಕತ್ತರಿಸಿದ್ದರು. ಚಿಕ್ಕಮ್ಮನಿಗೆ ಫೋಟೋ ಕಳಿಸಿದೆ. "ಶುದ್ಧ ಅನ್ನೋದೇ ಅಶುದ್ಧ ಆಗಿದೆಯಲ್ಲೇ" ಅಂತ ಉತ್ತರ ಬಂತು.

ಫಾಂಟಿನ ತಪ್ಪು ಅಂದುಕೊಂಡೆ. ಬಾಲೂ ತಮ್ಮ ಅನ್ನುವ ಫಾಂಟ್ ತೆಗೆದು ನೋಟೋ ಸ್ಯಾನ್ಸ್ ಕನ್ನಡ ಹಾಕಿದೆ. ಕತ್ತರಿಸುವ ಜಾಗ ಒಂಚೂರು ಬದಲಾಯಿತು, ಅಷ್ಟೇ. ಅಕ್ಷರ ಸಣ್ಣದು ಮಾಡಿದೆ. ಸಣ್ಣದಾಗಿಯೇ ಕತ್ತರಿಸಿತು. ಎರಡು ರಾತ್ರಿ ಹೋಯಿತು. ಮೂರನೇ ದಿನ ಬಸ್ಸಿನಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಬಲ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಒತ್ತಿದೆ. ತಲೆಬರಹದ ಮೇಲೆ ನೀಲಿ ಪೆಟ್ಟಿಗೆ ಬಂತು. ಆ ಪೆಟ್ಟಿಗೆಯ ಕೆಳಗಿನ ಗೆರೆಗೆ ಸರಿಯಾಗಿ ಧ ಒತ್ತು ತುಂಡಾಗಿತ್ತು!

ನಾನು ಬಳಸಿದ ರೆಡಿಮೇಡ್ ಟೆಂಪ್ಲೇಟ್ ಮಾಡಿದವರು ಇಂಗ್ಲಿಷ್ ಮನಸ್ಸಲ್ಲಿಟ್ಟು ಸಿಎಸ್‌ಎಸ್‌ನಲ್ಲಿ (ಪುಟ ಹೇಗೆ ಕಾಣಬೇಕು ಅಂತ ಹೇಳುವ ಭಾಷೆ) ಲೈನ್-ಹೈಟ್ 1 ಕೊಟ್ಟಿದ್ದರು. ಅಂದರೆ ಅಕ್ಷರದ ಗಾತ್ರ ಎಷ್ಟೋ ಸಾಲಿನ ಎತ್ತರವೂ ಅಷ್ಟೇ. ಜೊತೆಗೆ ಓವರ್‌ಫ್ಲೋ ಹಿಡನ್, ಪೆಟ್ಟಿಗೆಯಿಂದ ಹೊರಗೆ ಬಂದದ್ದನ್ನು ಮುಚ್ಚು ಅಂತ. ಇಂಗ್ಲಿಷ್‌ನ ಜೆ, ವೈ ಥರದ ಅಕ್ಷರಗಳ ಬಾಲ ಅಷ್ಟರಲ್ಲಿ ಹೇಗೋ ಹಿಡಿಸುತ್ತೆ. ನಮ್ಮ ಒತ್ತು ಹಿಡಿಸುವುದಿಲ್ಲ. "ಸ್ತ್ರೀ" ಅಂತ ಬರೆದರೆ ಒತ್ತಿನ ಜೊತೆ ಇನ್ನೊಂದು ಒತ್ತು.

ಖುಷಿಯಲ್ಲಿ ಆ ಸಾಲು ಅಳಿಸಿ, ಇಡೀ ಪುಟಕ್ಕೆ ಲೈನ್-ಹೈಟ್ 60 ಪಿಕ್ಸೆಲ್ ಕೊಟ್ಟುಬಿಟ್ಟೆ. ಶುದ್ಧ ಸರಿಹೋಯಿತು. ಕೆಳಗಿನ ಸಣ್ಣ ಅಕ್ಷರದ ವಿವರದಲ್ಲಿ ಸಾಲು ಸಾಲಿನ ನಡುವೆ ಎತ್ತಿನಗಾಡಿ ಹೋಗುವಷ್ಟು ಜಾಗ. ಪಿಕ್ಸೆಲ್‌ನಲ್ಲಿ ಕೊಟ್ಟರೆ ಅದೇ 60 ಒಳಗಿನ ಪೆಟ್ಟಿಗೆಗಳಿಗೆ, ಅಂದರೆ ಮಕ್ಕಳು ಮೊಮ್ಮಕ್ಕಳಿಗೆಲ್ಲ ಆಸ್ತಿಯ ಹಾಗೆ ಇಳಿಯುತ್ತೆ. ಬರೀ 1.6 ಅಂತ ಸಂಖ್ಯೆ ಕೊಟ್ಟರೆ ಪ್ರತಿಯೊಂದೂ ತನ್ನ ತನ್ನ ಅಕ್ಷರದ ಗಾತ್ರಕ್ಕೆ ಗುಣಿಸಿಕೊಳ್ಳುತ್ತೆ. ಇನ್‌ಹೆರಿಟೆನ್ಸ್ ಅನ್ನುವ ಪದವನ್ನು ಪರೀಕ್ಷೆಯಲ್ಲಿ ಐದು ಮಾರ್ಕ್ಸಿಗೆ ಬರೆದಿದ್ದೇನೆ. ಅದು ಏನು ಅಂತ ಗೊತ್ತಾಗಿದ್ದು ಮಾತ್ರ ಅವತ್ತು, ಬಸ್ಸು ಹಗರೆ ದಾಟುವಾಗ.

ಇನ್ನು ಫೋಟೋ. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಕಾಣುತ್ತಿತ್ತು, ಸೈಟನ್ನು ಪುಕ್ಕಟೆ ಇಂಟರ್ನೆಟ್‌ನಲ್ಲಿಡುವ ಗಿಟ್‌ಹಬ್ ಪೇಜಸ್‌ಗೆ ಏರಿಸಿದ ಮೇಲೆ ಒಂದೂ ಇಲ್ಲ, 404, ಅಂದರೆ ಫೈಲ್ ಸಿಗಲಿಲ್ಲ ಅಂತ. ಕ್ಯಾಮೆರಾ ಕೊಟ್ಟ ಫೈಲ್ ಹೆಸರಿನ ಕೊನೆಯಲ್ಲಿ ಜೆಪಿಜಿ ದೊಡ್ಡಕ್ಷರದಲ್ಲಿತ್ತು, ಕೋಡ್‌ನಲ್ಲಿ ನಾನು ಸಣ್ಣಕ್ಷರ ಬರೆದಿದ್ದೆ. ವಿಂಡೋಸ್‌ಗೆ ಎರಡೂ ಒಂದೇ, ಅಲ್ಲಿ ಬೇರೆ ಬೇರೆ. ಅರ್ಧ ದಿನ ಹೋಯಿತು. ಹೇಳಿಕೊಳ್ಳೋಕೂ ನಾಚಿಕೆ.

ಈಗ ಸೈಟ್ ಓಡುತ್ತಿದೆ. ನನ್ನ ಪ್ರಶ್ನೆ ಇಷ್ಟೇ. ನಿಮಗೆಲ್ಲ ಯಾವಾಗ "ಓ, ಇದು ಹೀಗೆ" ಅಂತ ಹೊಳೆದಿದ್ದು? ಕ್ಲಾಸಿನಲ್ಲಾ, ಹೀಗೆ ಏಟು ತಿಂದಾಗಲಾ?

---

ಹಳೇಪೇಜ್‌ಮೇಕರ್ (ಚಿಕ್ಕಮಗಳೂರು) | ಭಾನುವಾರ ರಾತ್ರಿ 10:25

ನಿನಗೆ ಆ ಫೈಲ್ ಕೊಟ್ಟವನು ನಾನಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ ತಂಗಿ. ಆದರೆ ನಾನೇ ಆಗಿರಬಹುದಿತ್ತು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಮದುವೆ ಕಾರ್ಡು, ಕರಪತ್ರ, ಫ್ಲೆಕ್ಸ್ ಮಾಡಿದವನು. ಆ ತಾಯತದ ಚೀಟಿಯ ಗುಟ್ಟು ಹೇಳುತ್ತೇನೆ.

ನಾವು ಬಳಸುವ ಹಳೇ ನುಡಿ ಫಾಂಟ್‌ಗಳಲ್ಲಿ, ಶ್ರೀಲಿಪಿಯಲ್ಲಿ, ಕನ್ನಡಕ್ಕೆ ತನ್ನದೇ ಮನೆ ಇಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚಿತ್ರ ಕೂರಿಸಿದ್ದಾರೆ. ಕಂಪ್ಯೂಟರಿಗೆ ಗೊತ್ತಿರುವುದು ಇಂಗ್ಲಿಷ್ ಅಕ್ಷರ, ನಮ್ಮ ಕಣ್ಣಿಗೆ ಕಾಣುವುದು ಕನ್ನಡ. ಫಾಂಟ್ ತೆಗೆದರೆ ಬಣ್ಣ ಬಯಲು. ಯೂನಿಕೋಡ್‌ನಲ್ಲಿ ಹಾಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅಂತಲೇ 128 ಮನೆಗಳ ಒಂದು ಬೀದಿ ಇದೆ. ನಾವು ಪುಟ ಕಟ್ಟುತ್ತಿದ್ದ ಪೇಜ್‌ಮೇಕರ್ ಸಾಫ್ಟ್‌ವೇರ್‌ಗೆ ಆ ಬೀದಿಯ ದಾರಿಯೇ ಗೊತ್ತಿರಲಿಲ್ಲ, ಅದಕ್ಕೇ ನಾವು ಹಳೇ ಫಾಂಟ್‌ಗೆ ಅಂಟಿಕೊಂಡೆವು. ಅಭ್ಯಾಸ, ಬಿಡೋಕೆ ಆಗಲಿಲ್ಲ.

ಕೈಯಲ್ಲಿ ಮತ್ತೆ ಟೈಪ್ ಮಾಡಬೇಕಿರಲಿಲ್ಲ. ಆಸ್ಕಿಯಿಂದ (ಈ ಹಳೇ ಫಾಂಟಿನ ಬರಹವನ್ನು ಹಾಗೇ ಕರೆಯೋದು) ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಬೇಕಾದಷ್ಟಿವೆ. ಆದರೆ ಒಂದು ಎಚ್ಚರಿಕೆ, ಅರ್ಕಾವತ್ತು ನೋಡಿಕೋ. ಹಳೇ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮ, ಅರ್ಕಾವತ್ತು ಕೊನೆಗೆ ಬರುತ್ತೆ. ಯೂನಿಕೋಡ್‌ನಲ್ಲಿ ಬಾಯಲ್ಲಿ ಹೇಳುವ ಕ್ರಮ, ರ್ ಮೊದಲು. ಪರಿವರ್ತಕ ಅಲ್ಲೇ ಎಡವುತ್ತೆ. ನಿಮ್ಮ ಚಿಕ್ಕಮ್ಮನ ಅಂಗಡಿ ಹೆಸರಿನಲ್ಲೇ "ವರ್ಕ್ಸ್" ಇದೆ, ಮೊದಲು ಅದನ್ನೇ ನೋಡು.

ಇನ್ನೊಂದು ಮಾತು, ಹೇಳದಿದ್ದರೆ ಸಮಾಧಾನವಿಲ್ಲ. ನೀವೆಲ್ಲ ಟೈಪ್ ಮಾಡುವ ಆ ಸರಳ ಕೀಲಿಮಣೆಯ ಮೂಲ ಕೆ.ಪಿ. ರಾವ್ ಅವರದು. ನಮ್ಮ ಮೂಡಿಗೆರೆಯಲ್ಲಿದ್ದ ತೇಜಸ್ವಿಯವರು ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಬರಬೇಕು ಅಂತ ಎಷ್ಟು ತಲೆ ಕೆಡಿಸಿಕೊಂಡಿದ್ದರು ಅಂತ ಈ ಕಡೆಯ ಹಳಬರಿಗೆ ಗೊತ್ತು. ನೀನು ಎರಡು ರಾತ್ರಿ ಕೆಟ್ಟಿದ್ದು ಅದೇ ಲೆಕ್ಕಕ್ಕೆ ಸೇರಿತು ಬಿಡು.

---

ಮೂಡಿಗೆರೆಮಳೆ | ಭಾನುವಾರ ರಾತ್ರಿ 10:50

ಅದೆಲ್ಲ ಇರಲಿ, ಚಿಕ್ಕಮ್ಮ ಚಿಕೋರಿ ಎಷ್ಟು ಬೆರೆಸ್ತಾರೆ ಮಾರಾಯ್ತಿ?

ಬೇಲೂರುಬಸ್ | ಭಾನುವಾರ ರಾತ್ರಿ 10:52

ಕೇಳಿದಷ್ಟು. ನಮ್ಮನೆಗೆ 80–20. ಪೇಜ್‌ಮೇಕರ್ ಸರ್, ಅರ್ಕಾವತ್ತಿನ ವಿಷಯ ಗೊತ್ತೇ ಇರಲಿಲ್ಲ, ಥ್ಯಾಂಕ್ಸ್.

---

ಡಿವ್‌ರಾಜ (ಬೆಂಗಳೂರು, ಊರು ಅರಸೀಕೆರೆ) | ಸೋಮವಾರ ಬೆಳಿಗ್ಗೆ 8:15

ಫ್ರಂಟ್ ಎಂಡ್ ಕೆಲಸದಲ್ಲಿ ಒಂಬತ್ತು ವರ್ಷ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಏಟು ತಿಂದಾಗಲೇ. ಒಂದು ಸ್ವಂತ ಏಟು ಹೇಳುತ್ತೇನೆ.

ಹಿಂದೆ ಒಂದು ಕಡೆ ಕನ್ನಡದಲ್ಲಿ ಹೆಸರು ತುಂಬುವ ಫಾರ್ಮ್ ಮಾಡಿದ್ದೆ. ಹೆಸರಿಗೆ 15 ಅಕ್ಷರದ ಮಿತಿ ಇಟ್ಟೆ. ಕನ್ನಡ ಹೆಸರಿಗೆ 15 ಧಾರಾಳ ಅನ್ನಿಸಿತ್ತು. ಲಕ್ಷ್ಮೀನಾರಾಯಣಸ್ವಾಮಿ ಅನ್ನುವವರು ಬಂದರು. ಎಣಿಸಿ ನೋಡಿ, ಕಣ್ಣಿಗೆ 8 ಅಕ್ಷರ. ಆದರೆ ಜಾವಾಸ್ಕ್ರಿಪ್ಟ್‌ಗೆ (ಪುಟಕ್ಕೆ ಕೆಲಸ ಹೇಳುವ ಭಾಷೆ) ಅದು 19. ಯಾಕಂದರೆ ಯೂನಿಕೋಡ್‌ನಲ್ಲಿ ಗುಣಿತದ ಗುರುತು ಒಂದು, ಹಲಂತ ಒಂದು, ಒತ್ತಾಗುವ ವ್ಯಂಜನ ಇನ್ನೊಂದು. "ಕ್ಷ್ಮೀ" ಒಂದೇ ಆರು ತಿನ್ನುತ್ತೆ. 15ಕ್ಕೆ ಕತ್ತರಿಸಿದಾಗ ಉಳಿದದ್ದು "ಲಕ್ಷ್ಮೀನಾರಾಯಣಸ್". ಸ್ವಾಮಿ ಹೋಗಿ ಬರೀ ಸ್ ನಿಂತಿತ್ತು. ಅವರು ಫೋನ್ ಮಾಡಿ ಬೈದದ್ದು ಇನ್ನೂ ಕಿವಿಯಲ್ಲಿದೆ. ನಿಮ್ಮ ಜಿಲ್ಲೆ ಪಕ್ಕದ ಚಿಕ್ಕಮಗಳೂರೂ ಅಷ್ಟೇ, ಕಣ್ಣಿಗೆ 6, ಯಂತ್ರಕ್ಕೆ 11. ನಿಮ್ಮ ಆರ್ಡರ್ ಫಾರ್ಮ್‌ನಲ್ಲಿ ವಿಳಾಸಕ್ಕೆ ಮಿತಿ ಹಾಕಿದ್ದರೆ ಈಗಲೇ ಹೋಗಿ ತೆಗೆಯಿರಿ.

ಎರಡನೆಯದು. ಪುಟದ ಮೊದಲ ಟ್ಯಾಗ್‌ನಲ್ಲಿ ಭಾಷೆ ಏನಂತ ಇದೆ? ಟೆಂಪ್ಲೇಟ್ ಅಂದಮೇಲೆ ಇಎನ್, ಅಂದರೆ ಇಂಗ್ಲಿಷ್ ಇರುತ್ತೆ, ಅದನ್ನು ಕೆಎನ್, ಅಂದರೆ ಕನ್ನಡ ಮಾಡಿ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಬಳಸುವಾಗ ಯಾವ ಭಾಷೆಯ ದನಿಯಲ್ಲಿ ಓದಬೇಕು ಅಂತ ಅದು ಅಲ್ಲಿಂದಲೇ ತಿಳಿದುಕೊಳ್ಳುತ್ತೆ.

ಮೂರನೆಯದು ನನ್ನ ಹೆಸರಿಗೇ ಸಂಬಂಧಪಟ್ಟದ್ದು. ಇನ್‌ಸ್ಟಿಟ್ಯೂಟ್‌ಗಳಲ್ಲಿ ಎಲ್ಲವನ್ನೂ ಡಿವ್ ಅನ್ನುವ ಖಾಲಿ ಪೆಟ್ಟಿಗೆಯ ಟ್ಯಾಗ್‌ನಲ್ಲೇ ಮಾಡಿಸುತ್ತಾರೆ. ಬಟನ್‌ಗೂ ಡಿವ್, ತಲೆಬರಹಕ್ಕೂ ಡಿವ್. ನಾನೂ ಹಾಗೇ ಇದ್ದವನು, ಅದಕ್ಕೇ ಸ್ನೇಹಿತರು ಈ ಹೆಸರಿಟ್ಟರು. ನಿಜವಾದ ಬಟನ್ ಟ್ಯಾಗ್ ಹಾಕಿದರೆ ಕೀಬೋರ್ಡ್‌ನಲ್ಲಿ ಟ್ಯಾಬ್ ಒತ್ತಿ ಅಲ್ಲಿಗೆ ಹೋಗಬಹುದು, ಎಂಟರ್ ಒತ್ತಿದರೆ ಕೆಲಸ ಆಗುತ್ತೆ. ಡಿವ್‌ಗೆ ಅದೆಲ್ಲ ನೀವೇ ಹೇಳಿಕೊಡಬೇಕು.

---

ನೇರಮಾತು (ಹಾಸನ) | ಸೋಮವಾರ ಮಧ್ಯಾಹ್ನ 1:05

ಬೇಜಾರು ಮಾಡ್ಕೋಬೇಡಿ. ಮೂರು ತಿಂಗಳು ಕುಣಿದಿರಿ ಅಂದಿರಿ. ಎಐಗೆ ಹೇಳಿದ್ದರೆ ಎರಡು ನಿಮಿಷದ ಕೆಲಸ. ನನ್ನ ತಮ್ಮನೂ ವೆಬ್ ಕಲೀತೀನಿ ಅಂತಿದಾನೆ, ಬೇಡ ಅಂದಿದೀನಿ. ಈಗ ಇದನ್ನು ಕಲಿತು ಕೆಲಸ ಎಲ್ಲಿ ಸಿಗುತ್ತೆ?

ಬೇಲೂರುಬಸ್ | ಸೋಮವಾರ ಸಂಜೆ 6:30

ಅಣ್ಣ, ಎಐ ಕೇಳಿಲ್ಲ ಅಂತ ನಾನೆಲ್ಲಿ ಹೇಳಿದೆ? ಮೊದಲನೇ ದಿನವೇ ಕೇಳಿದೆ. ಚೆಂದದ ಪುಟ ಕೊಟ್ಟಿತು. ಆದರೆ ಒತ್ತು ತುಂಡಾಗಿದ್ದು ಅದಕ್ಕೆ ಕಾಣಲಿಲ್ಲ, ಪುಟ ನೋಡುತ್ತಿದ್ದವಳು ನಾನು. "ಅಕ್ಷರ ಸರಿ ಕಾಣ್ತಿಲ್ಲ" ಅಂದೆ, ಫಾಂಟ್ ಬದಲಿಸು ಅಂತು. ಆ ಎರಡು ರಾತ್ರಿ ಹೋಗಿದ್ದೇ ಆ ಸಲಹೆ ಹಿಡಿದುಕೊಂಡು. ಪೆಟ್ಟಿಗೆ ನೋಡಿ, "ಸಾಲಿನ ಎತ್ತರ ಸಾಲದೆ ಕತ್ತರಿಸುತ್ತಿದೆ" ಅಂತ ಹೇಳಿದ ಮೇಲೆ ಸರಿಯಾದ ಉತ್ತರ ಕೊಟ್ಟಿತು. ಅಷ್ಟು ಹೇಳೋಕೆ ಗೊತ್ತಾದ ಮೇಲೆ ಉತ್ತರವೂ ನನಗೇ ಗೊತ್ತಾಗಿತ್ತು.

ಡಿವ್‌ರಾಜ | ಸೋಮವಾರ ರಾತ್ರಿ 9:10

ನೇರಮಾತು ಅವರೇ, ಕೆಲಸದ ಬಗ್ಗೆ ಸುಳ್ಳು ಹೇಳಲ್ಲ. ಹೊಸಬರಿಗೆ ಮೊದಲಿನಷ್ಟು ಸುಲಭ ಇಲ್ಲ. ಬರೀ ಟೆಂಪ್ಲೇಟ್‌ಗೆ ಬಣ್ಣ ಬದಲಿಸಿ ಕೊಡುವ ಕೆಲಸ ಹೋಯಿತು ಅಂತಲೇ ಇಟ್ಟುಕೊಳ್ಳಿ. ಆದರೆ ನಾನು ಇಂಟರ್‌ವ್ಯೂನಲ್ಲಿ ಕೂತಾಗ ಎಲ್ಲರೂ ಅದೇ ಪಿಜ್ಜಾ ಅಂಗಡಿ, ಅದೇ ಕ್ಯಾಲ್ಕುಲೇಟರ್ ತೋರಿಸುತ್ತಾರೆ. ಯಾರಾದರೂ ಬಂದು "ಸರ್, ಲೈನ್-ಹೈಟ್ ಪಿಕ್ಸೆಲ್‌ನಲ್ಲಿ ಕೊಟ್ಟು ಹಾಳು ಮಾಡಿದೆ" ಅಂತ ಹೇಳಿದರೆ ನಾನು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತೇನೆ. ತಮ್ಮನಿಗೆ ಬೇಡ ಅನ್ನಬೇಡಿ. ಅವನಿಗೆ ಯಾರದ್ದಾದರೂ ನಿಜವಾದ ಕೆಲಸ ಹಚ್ಚಿ.

ನೇರಮಾತು | ಸೋಮವಾರ ರಾತ್ರಿ 9:40

ನೋಡೋಣ. ನಮ್ಮ ಮಾವಂದು ಆಲೂಗಡ್ಡೆ ಮಂಡಿ ಇದೆ. ಅವರಿಗೆ ವೆಬ್‌ಸೈಟ್ ಯಾಕೆ ಬೇಕು ಅಂತ ನನಗೆ ಇನ್ನೂ ಅರ್ಥ ಆಗಿಲ್ಲ.

---

ಮೂಡಿಗೆರೆಮಳೆ | ಮಂಗಳವಾರ ಬೆಳಿಗ್ಗೆ 7:20

ಈಗ ಸೀರಿಯಸ್ಸಾಗಿ. ನಮ್ಮದು ಹೋಂಸ್ಟೇ. ಕೆಲವು ವರ್ಷದ ಕೆಳಗೆ ಒಬ್ಬರ ಹತ್ತಿರ ವೆಬ್‌ಸೈಟ್ ಮಾಡಿಸಿದೆವು, 25 ಸಾವಿರ ಕೊಟ್ಟು. ಒಂದು ವರ್ಷ ಚೆನ್ನಾಗಿತ್ತು. ಆಮೇಲೊಂದು ದಿನ ಅತಿಥಿ ಫೋನ್ ಮಾಡಿ, "ನಿಮ್ಮ ವಿಳಾಸ ಒತ್ತಿದರೆ ಜೂಜಿನ ಜಾಹೀರಾತು ಬರುತ್ತೆ" ಅಂದರು. ಡೊಮೇನ್, ಅಂದರೆ ಸೈಟಿನ ವಿಳಾಸದ ಅವಧಿ ಮುಗಿದಿತ್ತು, ಬೇರೆ ಯಾರೋ ಕೊಂಡಿದ್ದರು. ರಿನ್ಯೂವಲ್ ಮಾಡಿ ಅನ್ನುವ ಮೇಲ್ ಎಲ್ಲ ಸೈಟ್ ಮಾಡಿದವರಿಗೆ ಹೋಗುತ್ತಿತ್ತು, ಯಾಕಂದರೆ ಡೊಮೇನ್ ಇದ್ದದ್ದು ಅವರ ಹೆಸರಲ್ಲಿ. ಅವರ ನಂಬರ್ ಸ್ವಿಚ್ ಆಫ್. ಕಾರ್ಡು, ಬೋರ್ಡು, ಜೀಪಿನ ಮೇಲಿನ ಸ್ಟಿಕ್ಕರ್, ಎಲ್ಲದರ ಮೇಲೂ ಹಳೇ ವಿಳಾಸ.

ಸೈಟ್ ಮಾಡಿಕೊಡುವ ಮಕ್ಕಳೇ, ಡೊಮೇನ್ ಅಂಗಡಿಯವರ ಹೆಸರಲ್ಲಿ, ಅವರದೇ ಮೇಲ್‌ನಲ್ಲಿ ಕೊಳ್ಳಿ. ಪಾಸ್‌ವರ್ಡ್ ಬರೆದು ಅವರ ಕೈಗೆ ಕೊಡಿ. ಇದನ್ನು ಯಾವ ಕೋರ್ಸಿನಲ್ಲೂ ಹೇಳುವುದಿಲ್ಲ ಅಂತ ಕಾಣುತ್ತೆ.

ಮತ್ತೆ ಫೋಟೋ. ನಮ್ಮ ಕಡೆ ಜೂನ್ ಜುಲೈನಲ್ಲಿ ಮಳೆ ಹಿಡಿದರೆ ಕರೆಂಟೂ ಇಲ್ಲ, ಟವರೂ ಇಲ್ಲ. ಇದ್ದಾಗಲೂ ಒಂದು ಕಡ್ಡಿ. ಆಗ ನಮ್ಮ ಸೈಟೇ ನಮಗೆ ತೆರೆಯುತ್ತಿರಲಿಲ್ಲ. ಬಿಳಿ ಪರದೆ.

ಬೇಲೂರುಬಸ್ | ಮಂಗಳವಾರ ಬೆಳಿಗ್ಗೆ 8:05, ಬಸ್ಸಿನಿಂದ

ಫೋಟೋ ವಿಷಯದಲ್ಲಿ ನಾನೂ ಅದೇ ತಪ್ಪು ಮಾಡಿದ್ದೆ. ಮೊಬೈಲಿನಲ್ಲಿ ತೆಗೆದ ಫೋಟೋ ಒಂದೊಂದು 5 ಎಂಬಿ, ಹತ್ತು ಹಾಕಿದ್ದೆ. ಕ್ರೋಮ್‌ನಲ್ಲಿ ನೆಟ್‌ವರ್ಕ್ ನಿಧಾನ ಮಾಡಿ ನೋಡುವ ಸೌಲಭ್ಯ ಇದೆ, ಇನ್‌ಸ್ಪೆಕ್ಟ್ ಒಳಗೆ ನೆಟ್‌ವರ್ಕ್ ಭಾಗದಲ್ಲಿ. 3ಜಿ ಹಾಕಿ ನೋಡಿದೆ. ಹೋಗಿ ಸ್ಟೌ ಮೇಲೆ ಡಿಕಾಕ್ಷನ್‌ಗೆ ನೀರಿಟ್ಟು ಬಂದೆ, ಮೊದಲ ಫೋಟೋ ಅರ್ಧ ಬಂದಿತ್ತು. ಅಗಲ 1200 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ ಅನ್ನುವ ಹಗುರ ಫೈಲ್ ಮಾಡಿದೆ. ಒಂದೊಂದು 150 ಕೆಬಿ ಒಳಗೆ ಬಂತು, ಕಣ್ಣಿಗೆ ವ್ಯತ್ಯಾಸವೇ ಇಲ್ಲ. ಫೋಟೋದ ಅಗಲ ಎತ್ತರವನ್ನು ಟ್ಯಾಗ್‌ನಲ್ಲೇ ಬರೆಯಬೇಕು ಅಂತಲೂ ಆಗಲೇ ಗೊತ್ತಾಯಿತು. ಇಲ್ಲದಿದ್ದರೆ ಫೋಟೋ ಬಂದಾಗೆಲ್ಲ ಕೆಳಗಿನ ಬರಹ ಧಡಕ್ಕನೆ ಜಾರುತ್ತೆ, ರೇಟು ಒತ್ತಲು ಹೋದವರು ಇನ್ನೇನನ್ನೋ ಒತ್ತುತ್ತಾರೆ.

---

ಸೆಕೆಂಡ್‌ಸೆಮ್ (ಕಡೂರು) | ಮಂಗಳವಾರ ರಾತ್ರಿ 8:30

ಅಕ್ಕ, ನನ್ನ ಹತ್ರ ಲ್ಯಾಪ್‌ಟಾಪ್ ಇಲ್ಲ. ಕಾಲೇಜ್ ಲ್ಯಾಬ್ ವಾರಕ್ಕೆ ಎರಡು ಗಂಟೆ. ಅದರಲ್ಲೂ ಅರ್ಧ ಗಂಟೆ ಕಂಪ್ಯೂಟರ್ ಆನ್ ಆಗೋಕೇ ಬೇಕು. ಮೊಬೈಲ್ ಇದೆ. ಕಲಿಬಹುದಾ?

ಬೇಲೂರುಬಸ್ | ಮಂಗಳವಾರ ರಾತ್ರಿ 9:00

ಕಲಿಬಹುದು ಕಣೋ. ನನಗೂ ಲ್ಯಾಪ್‌ಟಾಪ್ ಬಂದಿದ್ದು ಎರಡನೇ ವರ್ಷ, ಅದೂ ಸೆಕೆಂಡ್ ಹ್ಯಾಂಡ್. ಗಿಟ್‌ಹಬ್ ಅಕೌಂಟ್ ಮಾಡ್ಕೋ, ದುಡ್ಡಿಲ್ಲ. ಬ್ರೌಸರ್‌ನಲ್ಲೇ ಫೈಲ್ ತೆಗೆದು ಬರೀಬಹುದು, ಸೇವ್ ಮಾಡಿದರೆ ಪೇಜಸ್‌ನಲ್ಲಿ ಪುಟ ಬರುತ್ತೆ. ಮೊಬೈಲ್ ಕೀಬೋರ್ಡ್‌ನಲ್ಲಿ ಕೋನದ ಬ್ರ್ಯಾಕೆಟ್ ಹುಡುಕೋದು ಹಿಂಸೆ, ಅದಕ್ಕೊಂದು ಶಾರ್ಟ್‌ಕಟ್ ಇಟ್ಕೋ. ವೆಬ್ ಕಲಿಯೋಕೆ ಎಂಡಿಎನ್ ಅಂತ ಸೈಟ್ ಇದೆ, ಇಂಗ್ಲಿಷ್‌ನಲ್ಲಿದ್ದರೂ ಉದಾಹರಣೆ ನೋಡಿದರೆ ಗೊತ್ತಾಗುತ್ತೆ.

ಇನ್ನೊಂದು. ಲ್ಯಾಬ್‌ಗೆ ಹೋಗೋ ಮೊದಲು ಪುಟವನ್ನು ನೋಟ್‌ಬುಕ್‌ನಲ್ಲಿ ಪೆಟ್ಟಿಗೆ ಪೆಟ್ಟಿಗೆಯಾಗಿ ಬರೆದುಕೋ. ಯಾವ ಪೆಟ್ಟಿಗೆ ಯಾವುದರೊಳಗೆ, ಅಷ್ಟೇ. ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ. ನಾನು ಬಸ್ ಟಿಕೆಟ್ ಹಿಂದೆ ಬರೆದಿದ್ದೇನೆ.

ಹಳೇಪೇಜ್‌ಮೇಕರ್ | ಮಂಗಳವಾರ ರಾತ್ರಿ 9:15

ಕಡೂರಿನ ಹುಡುಗ, ಚಿಕ್ಕಮಗಳೂರಿಗೆ ಬಂದಾಗ ಅಂಗಡಿಗೆ ಬಾ. ಮಧ್ಯಾಹ್ನ ಎರಡರಿಂದ ನಾಲ್ಕು ಒಂದು ಕಂಪ್ಯೂಟರ್ ಖಾಲಿ ಇರುತ್ತೆ. ಬದಲಿಗೆ ನನಗೆ ಸಿಎಸ್‌ಎಸ್‌ನ ಆ ಫ್ಲೆಕ್ಸ್‌ಬಾಕ್ಸ್ ಅಂದರೆ ಏನು ಅಂತ ಹೇಳಿಕೊಡು. ನನ್ನ ಮಟ್ಟಿಗೆ ಫ್ಲೆಕ್ಸ್ ಅಂದರೆ ಮರಕ್ಕೆ ಕಟ್ಟೋದು.

---

ಡಿವ್‌ರಾಜ | ಬುಧವಾರ ರಾತ್ರಿ 10:00

ಬೇಲೂರುಬಸ್, ಒಂದು ಕೇಳೋದಿತ್ತು. ಕಾಫಿ ರೇಟು ಆಗಾಗ ಬದಲಾಗುತ್ತಲ್ಲ. ಪ್ರತಿ ಸಲ ಚಿಕ್ಕಮ್ಮ ನಿಮಗೆ ಫೋನ್ ಮಾಡ್ತಾರಾ?

ಬೇಲೂರುಬಸ್ | ಗುರುವಾರ ಸಂಜೆ 7:10

ಮಾಡ್ತಿದ್ದರು ಸರ್. ಇಂಟರ್ನಲ್ಸ್ ನಡುವೆ ಫೋನ್ ಮಾಡಿ "ಪೀಬೆರಿ ಹತ್ತು ರೂಪಾಯಿ ಜಾಸ್ತಿ ಮಾಡೇ" ಅಂದ ದಿನ ಸಾಕಾಯಿತು. ಗೂಗಲ್ ಶೀಟ್‌ನಲ್ಲಿ ರೇಟು ಪಟ್ಟಿ ಮಾಡಿ, ಅದನ್ನು ಸಿಎಸ್‌ವಿಯಾಗಿ, ಅಂದರೆ ಅಲ್ಪವಿರಾಮ ಹಾಕಿದ ಸಾದಾ ಪಟ್ಟಿಯಾಗಿ ಪ್ರಕಟಿಸಿ, ಪುಟ ಅಲ್ಲಿಂದ ಓದುವ ಹಾಗೆ ಮಾಡಿದೆ. ಚಿಕ್ಕಮ್ಮ ಮೊಬೈಲಿನಲ್ಲಿ ಶೀಟ್ ತಿದ್ದಿದರೆ ಕೆಲವು ನಿಮಿಷದಲ್ಲಿ ಸೈಟ್‌ನಲ್ಲೂ ಬದಲಾಗುತ್ತೆ. ಬೀಗುತ್ತಾ ಓಡಾಡಿದೆ.

ಮೊನ್ನೆ ಅಂಗಡಿಗೆ ಒಬ್ಬರು ಗಿರಾಕಿ ಫೋನ್ ಮಾಡಿದರಂತೆ. "ಅಮ್ಮ, ನಿಮ್ಮ ಪ್ಲಾಂಟೇಷನ್ ಎ ಅರ್ಧ ಕೆಜಿಗೆ ಎನ್‌ಎಎನ್ ರೂಪಾಯಿ ಅಂತಿದೆ, ಅದು ಎಷ್ಟು?" ಅಂತ.

ನೋಡಿದರೆ ಚಿಕ್ಕಮ್ಮ ರೇಟಿನ ಜಾಗದಲ್ಲಿ ೪೨೦ ಅಂತ ಕನ್ನಡ ಅಂಕಿಯಲ್ಲಿ ಬರೆದಿದ್ದಾರೆ. ಅಂಗಡಿಯ ಲೆಕ್ಕದ ಪುಸ್ತಕ ಮೊದಲಿಂದಲೂ ಹಾಗೇ. ಜಾವಾಸ್ಕ್ರಿಪ್ಟ್‌ಗೆ 420 ಅಂದರೆ ಸಂಖ್ಯೆ, ೪೨೦ ಅಂದರೆ ಸಂಖ್ಯೆ ಅಲ್ಲ. ಅದಕ್ಕೇ ಎನ್‌ಎಎನ್, ನಾಟ್ ಎ ನಂಬರ್. ಚಿಕ್ಕಮ್ಮನಿಗೆ ಹೀಗೆ ಬರೀಬೇಡಿ ಅಂತ ಹೇಳೋಕೆ ಹೊರಟೆ, "ಕನ್ನಡದಲ್ಲಿರಲಿ ಅಂತ ಅವತ್ತೇ ಹೇಳಿರಲಿಲ್ವಾ?" ಅಂದರು.

ಬಾಯಿ ಮುಚ್ಚಿಕೊಂಡು ಕೋಡ್ ತಿದ್ದಿದೆ. ಕನ್ನಡದ ಹತ್ತು ಅಂಕಿಗಳೂ ಯೂನಿಕೋಡ್‌ನಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಸಾಲಾಗಿ ಕೂತಿವೆ. ಪ್ರತಿ ಅಂಕಿಯ ಸಂಕೇತದಿಂದ ಸೊನ್ನೆಯ ಸಂಕೇತ ಕಳೆದರೆ ಬೇಕಾದ ಸಂಖ್ಯೆ ಸಿಗುತ್ತೆ. ಮೂರು ಸಾಲಿನ ಕೋಡ್. ಈಗ ಹೇಗೆ ಬರೆದರೂ ಓದುತ್ತೆ.

ಇವತ್ತು ಬೆಳಿಗ್ಗೆ ಅದೇ ಜಾಗದಲ್ಲಿ "ಖಾಲಿ, ಸೋಮವಾರ ಬನ್ನಿ" ಅಂತ ಬರೆದಿದ್ದಾರೆ. ಪುಟದಲ್ಲಿ ಮತ್ತೆ ಎನ್‌ಎಎನ್. ಈಗ ಬಸ್ಸಿನಲ್ಲಿದ್ದೇನೆ, ಸೀಟು ಸಿಕ್ಕಿದೆ, ಲ್ಯಾಪ್‌ಟಾಪ್ ತೆಗೀತಿದ್ದೇನೆ.